ಐದು ಕಡೆ ಹಾಕಿದ ಬೆಸುಗೆ

ಮನೆ, ಹಿಂದಿನ ಕೋಣೆ
ಗುರುವಾರ, ೧೪ನೇ ತಾರೀಖು, ಮಧ್ಯಾಹ್ನ ಒಂದೂವರೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೈ ಹುಷಾರಾಗಿದೆಯಾ? ಹಗಲೆಲ್ಲ ಲಿಫ್ಟಿನ ಗುಂಡಿಯೊಳಗೆ ಇಳಿದು ಗ್ರೀಸು ಮೆತ್ತಿಕೊಂಡು ಮಾಡುವ ಕೆಲಸವಂತೆ, ಬೆನ್ನು ನೋಯುವುದಿಲ್ಲವಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಿದ್ದಾಗಿನ ಹಾಗೆ ನಿಂತಲ್ಲೇ ಏನೋ ಒಂದಿಷ್ಟು ಬಾಯಿಗೆ ಹಾಕಿಕೊಂಡು ಓಡುತ್ತೀಯೋ? ಅಪ್ಪನ ಮೇಲಿನ ಕೋಪಕ್ಕೆ ನನ್ನ ನಂಬರನ್ನೂ ಕಿತ್ತು ಬಿಸಾಡಿದೆಯಲ್ಲ ಪುಣ್ಯಾತ್ಮ, ನಾನೇನು ಮಾಡಿದ್ದೆ? ಎರಡು ವರ್ಷವಾಯಿತು ನಿನ್ನ ದನಿ ಕೇಳಿ. ಮೊನ್ನೆ ಅತ್ತೆಯ ಮನೆಗೆ ಹೋಗಿ ಅತ್ತೂ ಕರೆದೂ ಕೇಳಿದೆ. ನಿನ್ನ ಹೊಸ ನಂಬರು ಯಾರಿಗೂ ಕೊಡುವುದಿಲ್ಲವೆಂದು ಆಣೆ ಮಾಡಿದ್ದಾಳಂತೆ, ಜಪ್ಪಯ್ಯ ಅಂದರೂ ಕೊಡಲಿಲ್ಲ. ಅರ್ಧ ಗಂಟೆ ಗೋಗರೆದ ಮೇಲೆ, "ವಿಳಾಸಕ್ಕೆ ಆಣೆ ಗೀಣೆ ಏನೂ ಇಲ್ಲ ಕಣೇ" ಎಂದು ಹಳೇ ಲಕೋಟೆಯೊಂದನ್ನು ತಂದು ಮೇಜಿನ ಮೇಲಿಟ್ಟು, ತಾನು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ನಾನು ಬರೆದುಕೊಂಡೆ. ಎದುರುಮನೆಯ ಬಸ್ ಕಂಡಕ್ಟರು ನಾಲ್ಕಕ್ಕೆ ಡ್ಯೂಟಿಗೆ ಹೊರಡುತ್ತಾನೆ, ನಾಳೆ ಬೆಳಗ್ಗೆ ಇದನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಶನಿವಾರ ಅವನು ವಾಪಸು ಬರುತ್ತಾನೆ. ಅಕ್ಷರ ಕೆಟ್ಟಿದ್ದರೆ ಬೈಯಬೇಡ, ನನ್ನ ಕೈಯಲ್ಲಿರುವುದು ಎರಡೂವರೆ ಗಂಟೆ.

ಮೊದಲು ಅಪ್ಪನ ವಿಷಯ. ಗಾಬರಿ ಬೀಳಬೇಡ, ಇದ್ದಾರೆ. ಐದು ವಾರದ ಕೆಳಗೆ ಅಂಗಡಿಯಲ್ಲಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದವರ ಕೈಯಿಂದ ಕತ್ತರಿ ಜಾರಿ ಬಿತ್ತು. ನಾನು ಹೊಲಿಗೆ ಮಿಶನ್ನಿನಿಂದ ತಲೆಯೆತ್ತದೆ, "ನೋಡ್ಕೊಂಡು ಅಪ್ಪಾ, ಕಾಲ ಮೇಲೆ ಬಿದ್ದೀತು" ಎಂದೆ. ಆಮೇಲೆ ತಲೆಯೆತ್ತಿ ನೋಡಿದರೆ ಅವರೇ ಮೇಜಿಗೆ ಒರಗಿ ಕುಸಿಯುತ್ತಿದ್ದಾರೆ. ಲಕ್ವ ಹೊಡೆದಿತ್ತು. ಬಲಗಾಲು ಎಳೆಯುತ್ತಾರೆ, ಮಾತು ನಿಧಾನವಾಗಿ ಬರುತ್ತದೆ, ಬಲಗೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು. ಆ ಕೈಯನ್ನು ಅವರೇ ಕೆಲಸಕ್ಕೆ ಹಚ್ಚಬೇಕು, ಈ ಎರಡು ಮೂರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ ಎಂದರು ಡಾಕ್ಟರು. ಭಾನುವಾರ ಬೆಳಗ್ಗೆ ಮನೆಗೆ ಕಳಿಸುತ್ತಾರೆ. ಮೆಟ್ಟಿಲು ಹತ್ತುವಂತಿಲ್ಲ, ಕೆಳಗೆ ಮಂಚ ಹಿಡಿಸುವ ಕೋಣೆ ಇದೊಂದೇ, ಅಪ್ಪನ ಆಟದ ರೈಲಿನ ಕೋಣೆ. ಮಂಚದ ಮೇಲೆ ಕೂತು, ಬಲಗೈಯಿಂದಲೇ ಗುಂಡಿ ತಿರುಗಿಸಿ, ಭಾನುವಾರ ರೈಲು ಓಡಿಸುತ್ತೇನೆ ಎಂದು ಅಪ್ಪ ಹಟ ಹಿಡಿದು ಕೂತಿದ್ದಾರೆ. ಅದಕ್ಕಾಗಿಯೇ ದಿನಕ್ಕೆ ನೂರು ಸಲ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ. ಆ ರೈಲು ಇವತ್ತಿಗೆ ಒಂದು ಗೇಣೂ ಮುಂದಕ್ಕೆ ಹೋಗುವುದಿಲ್ಲ ಅಣ್ಣಾ. ಹಾಗೆ ಮಾಡಿಟ್ಟವಳು ನಾನೇ.

ಕೋಣೆ ನಿನಗೆ ನೆನಪಿರಬೇಕಲ್ಲ, ಗೋಡೆಯಿಂದ ಗೋಡೆಗೆ ಹಲಗೆ, ಮನುಷ್ಯರು ಅಡ್ಡಡ್ಡ ನಡೆಯಬೇಕು. ಹಳಿ ಕವಲೊಡೆಯುವ ಪಾಯಿಂಟು ಹನ್ನೊಂದು, ಮೂರು ನಿಲ್ದಾಣ, ಎರಡು ಸೇತುವೆ, ಅಮ್ಮನ ಹಳೇ ಹೊದಿಕೆಗೆ ಅಂಟು ಬಳಿದು ಮಾಡಿದ ಗುಡ್ಡ. ಮಂಚ ಬರಬೇಕಾದರೆ ಅರ್ಧ ಹೋಗಲೇಬೇಕಿತ್ತು. ನಾನು ಅಂಗಡಿಯ ಕಂದು ಕಾಗದ ತಂದು ಹಲಗೆಯ ಮೇಲೆ ಹರಡಿ, ಕೋಟಿಗೆ ಅಳತೆ ಹಾಕುವ ಹಾಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಬಾಗಿಲ ಪಕ್ಕ ಒಂದು ನಿಲ್ದಾಣ, ಡಬ್ಬಿ ನಿಲ್ಲಿಸಲು ಪಕ್ಕದಲ್ಲೊಂದು ತುಂಡು ಹಳಿ, ಅಲ್ಲಿಂದ ಗೋಡೆಯುದ್ದಕ್ಕೂ ಒಂದೇ ಸಾಲು, ಆ ತುದಿಯಲ್ಲಿ ಸುರಂಗದೊಳಗೆ ಹಾದು ರೈಲು ತಿರುಗಿ ಬರುವ ದೊಡ್ಡ ಸುತ್ತು. ಇಷ್ಟೇ. ಹನ್ನೊಂದು ಪಾಯಿಂಟಿನಲ್ಲಿ ಉಳಿದದ್ದು ಎರಡು. ಸುತ್ತನ್ನೂ ತೆಗೆದಿದ್ದರೆ ನನ್ನ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಕೈ ಬರಲಿಲ್ಲ. ನೀನೂ ಅಪ್ಪನೂ ಅದನ್ನು ಮುಗಿಸಿದ ದಿನ ಅವರು ನನ್ನನ್ನೂ ಅಮ್ಮನನ್ನೂ ಅಡುಗೆಮನೆಯಿಂದ ಎಳೆದು ತಂದು, "ನೋಡ್ರೇ, ಹೋದೋನು ಮುಖ ತಿರುಗಿಸ್ಕೊಂಡು ನಮ್ ಕಡೆಗೇ ಬರ್ತಾನೆ" ಎಂದು ಕುಣಿದಾಡಿದ್ದರು. ಅದನ್ನು ಹೇಗೆ ಕೀಳಲಿ?

ಹಳಿ ಮುಗಿಯಿತು, ತಂತಿಗೆ ಕೈ ಹಾಕಿದೆ. ಟಾರ್ಚು ಹಿಡಿದು ಹಲಗೆಯ ಕೆಳಗೆ ಅಂಗಾತ ಮಲಗಿ ನೋಡಿದೆ. ಕೆಂಪಿಗೆ ಹಸಿರು, ಹಸಿರಿಗೆ ಕಂದು, ಯಾವುದಕ್ಕೆ ಯಾವುದೋ ಜೋಡಿಸಿದ್ದಾರೆ, ತಲೆಬುಡ ಇಲ್ಲ. ಸಾಲದ್ದಕ್ಕೆ ತಂತಿಯ ತುದಿಯಲ್ಲೆಲ್ಲ ಗಂಟು, ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಇನ್ನು ಕೆಲವಕ್ಕೆ ಮೂರು. ನಮ್ಮ ಅಂಗಡಿಯಲ್ಲಿ ಬಟ್ಟೆಯ ಒಳಮೈಯಲ್ಲೂ ಗಂಟು ಕಾಣಬಾರದು, ನಿನಗೆ ಗೊತ್ತಲ್ಲ. ಕತ್ತರಿ ತಂದು ಎಲ್ಲವನ್ನೂ ಕಚಕಚ ಕತ್ತರಿಸಿದೆ. ಕೆಂಪೆಲ್ಲ ಒಂದು ಕಟ್ಟು, ಹಸಿರೆಲ್ಲ ಒಂದು ಕಟ್ಟು, ನೋಡಲು ಎಷ್ಟು ಚೆಂದ! ಅದಕ್ಕೂ ಮೊದಲು, ಬಿಚ್ಚಿದ ಹಳಿಗಳನ್ನು ಮೇಜಿನ ಮೇಲಿಟ್ಟು ಒರೆಸುವಾಗ ಐದು ಕಡೆ ಸಣ್ಣ ಸೀಳು ಕಂಡಿತ್ತು, ಉಗುರು ತೂರುವಷ್ಟು. ಹರಿದದ್ದು ಕಂಡರೆ ಸುಮ್ಮನೆ ಬಿಡುವ ಕೈಯಾ ಇದು? ನಿನ್ನ ಹಳೇ ಸೋಲ್ಡರಿಂಗ್ ಕಡ್ಡಿ ಕಾಯಿಸಿ ಐದೂ ಕಡೆ ಸೀಸ ತುಂಬಿ ಬೆಸೆದೆ, ಅರದಿಂದ ಉಜ್ಜಿದೆ, ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದೆ. ರಫೂ ಮಾಡಿದ್ದು ಗೊತ್ತಾಗಬಾರದು, ಅದೇ ತಾನೇ ನಮ್ಮ ಕಸುಬು? ಎಲ್ಲ ಜೋಡಿಸಿ ಮೊಳೆ ಹೊಡೆದು ಸ್ವಿಚ್ಚು ಹಾಕಿದೆ. ಟ್ರಾನ್ಸ್‌ಫಾರ್ಮರು ಗುಂಯ್ ಎಂದು ನರಳಿ ಅದರ ದೀಪ ಆರಿಹೋಯಿತು. ಹತ್ತು ಸಲ ಹಾಕಿದೆ, ಹತ್ತು ಸಲವೂ ಆರಿತು.

ರೇಡಿಯೋ ಮಾವ ಬಂದರು. ಮೂಲೆಯ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರಲ್ಲ, ಅಪ್ಪನ ಸ್ನೇಹಿತರು, ಅವರೇ. ಈಗ ಕೈ ನಡುಗುತ್ತದೆ, ಆದರೂ ಒಂದು ಸೆಲ್ಲು, ಒಂದು ಪುಟ್ಟ ಬಲ್ಬು ಹಿಡಿದು ಬಂದು ನನಗೆ ಪಾಠ ಹೇಳಿದರು. ಒಂದು ಹಳಿಯಲ್ಲಿ ಕರೆಂಟು ಹೋಗುತ್ತದೆ, ಇನ್ನೊಂದರಲ್ಲಿ ವಾಪಸು ಬರುತ್ತದೆ, ಎರಡೂ ಒಂದಕ್ಕೊಂದು ತಾಗಬಾರದು. "ಈಗ ಎಡಗಡೆ ಹಳಿ ಮೇಲೆ ಬೆರಳಿಟ್ಟು ಸುತ್ತು ಹೊಡಿ" ಎಂದರು. ಹೊಡೆದೆ. ಸುರಂಗ ದಾಟಿ, ತಿರುವು ತಿರುಗಿ, ನನ್ನ ಬೆರಳು ಸೀದಾ ಬಲಗಡೆಯ ಹಳಿಗೆ ಬಂದು ನಿಂತಿತು. "ಇಲ್ಲಿ ಎರಡೂ ತಾಗಿಬಿಡ್ತವೆ, ಅದಕ್ಕೇ ಅವರು ಬೇಕಂತಲೇ ಹಳಿ ಕೊಯ್ದು ಬಿಟ್ಟಿದ್ದು ಕಣಮ್ಮ. ನೀನು ಹೊಲಿದುಬಿಟ್ಟಿದೀಯಾ" ಎಂದರು. ನಾನು ನಾಲಿಗೆ ಕಚ್ಚಿಕೊಂಡೆ. ಈಗ ನನ್ನ ಬೆಸುಗೆ ನನಗೇ ಸಿಗುತ್ತಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದೇನೆ. ಭೂತಗನ್ನಡಿ ಹಿಡಿದು ಹುಡುಕಿದರೂ ಮೂರೇ ಸಿಕ್ಕಿವೆ, ಎರಡು ಎಲ್ಲಿವೆಯೋ. ಆ ಐದರಲ್ಲಿ ನಿಜವಾಗಿ ಮುರಿದದ್ದೂ ಇರಬಹುದಂತೆ. ಊಹೆಯ ಮೇಲೆ ಕೊಯ್ಯಲು ಮಾವ ಒಪ್ಪುವುದಿಲ್ಲ, "ನಂಗೊತ್ತಿರೋದು ರೇಡಿಯೋ, ಇದು ಅಪ್ಪ ಮಗ ಸೇರಿ ಮಾಡಿದ ರೈಲು" ಎನ್ನುತ್ತಾರೆ.

ಆಮೇಲೆ ಅವರು ಹಲಗೆಯ ಕೆಳಗೆ ಬಗ್ಗಿ, "ಗಂಟೆಲ್ಲಿ?" ಎಂದು ಕೇಳಿದರು. ಕತ್ತರಿಸಿದೆ ಎಂದೆ. ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಣ್ಣಾ, ನಿನಗೆ ಗೊತ್ತಿತ್ತು. ಹತ್ತು ವರ್ಷದವನಿದ್ದಾಗಿನಿಂದ ಗೊತ್ತಿತ್ತಂತೆ. ನಾನು ಮೂವತ್ತೆರಡಕ್ಕೆ ತಿಳಿದುಕೊಂಡೆ, ಅದೂ ಪಕ್ಕದವರ ಬಾಯಿಂದ. ಅಪ್ಪನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಒಂದು ಗಂಟು ಅಂದರೆ ಕಿಟಕಿ ಕಡೆಯ ಹಳಿ, ಎರಡು ಅಂದರೆ ಗೋಡೆ ಕಡೆಯದು, ಮೂರು ಅಂದರೆ ಸುತ್ತಿನ ಸ್ವಿಚ್ಚಿಗೆ ಹೋಗುವುದು. ಬೆರಳಿನಿಂದ ಮುಟ್ಟಿ ತಿಳಿದುಕೊಳ್ಳುತ್ತಿದ್ದರು. ಹರೆಯದಲ್ಲಿ ರೈಲಿನ ಎಂಜಿನ್ ಡ್ರೈವರ್ ಕೆಲಸಕ್ಕೆ ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ವಾಪಸು ಬಂದವರು ಕತ್ತರಿ ಹಿಡಿದರಂತೆ. ನಿಮ್ಮಿಬ್ಬರ ಜಗಳದ ದಿನ ನಾನು ಅಂಗಡಿಯಲ್ಲಿದ್ದೆ, ಮನೆಗೆ ಬರುವಷ್ಟರಲ್ಲಿ ನೀನು ಹೋಗಿಯಾಗಿತ್ತು, ಯಾರೂ ಬಾಯಿ ಬಿಡಲಿಲ್ಲ. ಮಾವ ಈಗ ಹೇಳಿದರು. ತಂತಿ ಸುಟ್ಟು ಪರದೆಗೆ ಕಿಡಿ ಹಾರಿದ ಮೇಲೆ, ಅರ್ಧ ಕಿತ್ತು ಹಾಕಿ ಸರಳ ಮಾಡೋಣ ಎಂದೆಯಂತೆ. ನನ್ನ ಹಳಿ ಮುಟ್ಟಲು ನೀನ್ಯಾರು ಎಂದರಂತೆ ಅಪ್ಪ. ಆಗ ನೀನು, ಮಾವನೂ ಇನ್ನಿಬ್ಬರೂ ಕೂತಿದ್ದ ಹಾಗೇ, "ಕೆಂಪು ಯಾವ್ದು ಹಸಿರು ಯಾವ್ದು ಅಂತ ಕಾಣದೋರು ತಂತಿ ಮುಟ್ಟಬಾರದು" ಎಂದುಬಿಟ್ಟೆಯಂತೆ.

ನಿನ್ನನ್ನು ಬೈಯೋಣ ಎಂದುಕೊಂಡೆ, ಬಾಯಿ ಬರಲಿಲ್ಲ. ನಾನೇನು ಕಡಿಮೆ ಅಂದಿದ್ದೇನಾ? ನೂಲು ತರಲು ಕಳಿಸಿದರೆ ಕೆಂಪಿಗೆ ಬದಲು ಹಸಿರು ತಂದು, ಗಿರಾಕಿಗಳ ಎದುರಿಗೇ ನನ್ನಿಂದ ಎಷ್ಟು ಸಲ ಬೈಸಿಕೊಂಡಿದ್ದಾರೆ ಗೊತ್ತಾ? "ಕಣ್ಣು ಎಲ್ಲಿಟ್ಟಿರ್ತೀಯಪ್ಪಾ, ಜೇಬಲ್ಲಾ?" ಎನ್ನುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು, ಅವರೂ ನಕ್ಕು, "ನೂಲು ಆರಿಸೋದು ನಿಮ್ಮಮ್ಮನ ಕೆಲಸ, ನಂದು ಕತ್ತರಿ" ಎಂದು ಮತ್ತೆ ಚಪ್ಪಲಿ ಮೆಟ್ಟಿಕೊಂಡು ನೂಲಿನ ಅಂಗಡಿಗೆ ಹೋಗುತ್ತಿದ್ದರು. ಅಮ್ಮನಿಗೂ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದರೆ, "ಅವರಿಗೆ ನಾಚಿಕೆ ಕಣೇ, ನಾನ್ಯಾಕೆ ಹೇಳ್ಲಿ" ಎಂದಳು. ಈ ಕೋಣೆಯಲ್ಲಿ ಒಬ್ಬಳೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಕಸದ ಬುಟ್ಟಿಯಲ್ಲಿ ಗಂಟುಗಳೆಲ್ಲ ಇದ್ದವು, ತೆಗೆದು ನೋಡಿದೆ, ಏನು ಉಪಯೋಗ? ಯಾವ ತಂತಿಯದು ಯಾವುದೋ ಏನೋ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ಆಸ್ಪತ್ರೆಯಲ್ಲಿ ಮೊದಲ ಎರಡು ವಾರ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದವರು ಈ ಕಡೆ ನೋಡಲೇ ಇಲ್ಲ. ಚಮಚ ಬಾಯಿ ಹತ್ತಿರ ತಂದರೆ ಹಲ್ಲು ಕಚ್ಚುತ್ತಿದ್ದರು. ಕೈಗೆ ವ್ಯಾಯಾಮ ಮಾಡಿಸುವ ಮೇಡಂ ಬಂದು, ಇವರಿಗೆ ಇಷ್ಟವಾದದ್ದು ಏನಾದರೂ ಇದೆಯಾ ಎಂದು ನನ್ನನ್ನು ಕೇಳಿದರು. ರೈಲು ಎಂದೆ. ಗೋಡೆಯ ಕಡೆಯಿಂದಲೇ ಅಪ್ಪ, "ಅದನ್ನ ಇನ್ಯಾರು ಓಡಿಸ್ತಾರೆ, ಕಿತ್ತು ಎಸೀರಿ" ಎಂದರು. ನನಗೆ ಏನಾಯಿತೋ, "ಎಸೆಯೋದ್ಯಾಕೆ, ಅಣ್ಣ ಇದಾನಲ್ಲ! ದಿನಾ ಸಂಜೆ ಫೋನ್ ಮಾಡಿ ಎಲ್ಲಿ ಕೀಳ್ಬೇಕು, ಎಲ್ಲಿ ಕೂಡಿಸ್ಬೇಕು ಅಂತ ನಂಗೆ ಹೇಳ್ಕೊಡ್ತಿದಾನೆ" ಎಂದುಬಿಟ್ಟೆ. ಅಪ್ಪ ಈ ಕಡೆ ತಿರುಗಿದರು. ಹದಿನಾಲ್ಕು ದಿನದ ಮೇಲೆ ಅವರ ಪೂರ್ತಿ ಮುಖ ನೋಡಿದೆ ಅಣ್ಣಾ. ಅರ್ಧ ಕಿತ್ತು ಹಾಕಬೇಕಂತೆ ಎಂದರೂ ಕೋಪ ಬರಲಿಲ್ಲ. "ಅವನು ಅವತ್ತೇ ಹೇಳಿದ್ದ" ಎಂದರು, ಅಷ್ಟೇ. ಆ ಸಂಜೆಯೇ ಮುಚ್ಚಳ ಕೇಳಿದರು.

ಅಂದಿನಿಂದ ನಾನು ಆಸ್ಪತ್ರೆಗೆ ಹೋದರೆ ಸಾಕು, "ಏನಂದ ಇವತ್ತು?" ನಾನು ಕತೆ ಕಟ್ಟುತ್ತೇನೆ. ನನ್ನ ಬಾಯಲ್ಲಿ ನೀನು ಬಹಳ ಒಳ್ಳೆಯ ಮಗನಾಗಿಬಿಟ್ಟಿದ್ದೀಯ, ನೋಡಿದರೆ ನಿನಗೇ ಗುರುತು ಹತ್ತುವುದಿಲ್ಲ. ಒಂದು ದಿನ ಹೇಳಲು ಏನೂ ತೋಚದೆ ನಿನಗೆ ನೆಗಡಿ ಎಂದೆ, ಮೂರು ದಿನ ಬಿಡದೆ ವಿಚಾರಿಸಿದರು, ಬಿಸಿನೀರು ಕುಡಿಯಲು ಹೇಳಿ ಕಳಿಸಿದರು. ಫೋನು ನನಗೆ ಕೊಡು ಎಂದು ಮಾತ್ರ ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಏನು ಮಾಡಲಿ ಎಂದು ನನಗೆ ಪ್ರಾಣಭಯ, ಕೇಳಿದರೆ ನೀನು ಬೇಡ ಅಂದೀಯೆಂದು ಅವರಿಗೆ ಭಯವೋ ಏನೋ. ಹೀಗೆ ಸುಳ್ಳಿನ ಮೇಲೆ ಸುಳ್ಳು ಪೇರಿಸಿ ಕೂತಿದ್ದೇನೆ. ಭಾನುವಾರ ಅವರು ಗುಂಡಿ ತಿರುಗಿಸಿ, ರೈಲು ನಿಂತಲ್ಲೇ ನಿಂತರೆ ಎಲ್ಲ ಬಯಲಾಗುತ್ತದೆ. ನೀನು ಫೋನೂ ಮಾಡಿಲ್ಲ, ವಿಚಾರಿಸಿಯೂ ಇಲ್ಲ, ಅಪ್ಪ ಮಲಗಿದ್ದು ನಿನಗೆ ಗೊತ್ತೂ ಇಲ್ಲ ಎಂದು ಅವರಿಗೆ ತಿಳಿಯುತ್ತದೆ. ಮತ್ತೆ ಗೋಡೆಯ ಕಡೆ ತಿರುಗಿದರೆ ಈ ಸಲ ಯಾರು ಏನು ಹೇಳಿ ಕರೆದರೂ ಅವರು ಈ ಕಡೆ ಬರುವುದಿಲ್ಲ.

ಇನ್ನೂ ಒಂದು ಎಡವಟ್ಟು ಆಗಿದೆ. ನಿನ್ನೆ ಸಂಜೆ, ಮಾವ ಬರುವ ಮೊದಲು, ಆಸ್ಪತ್ರೆಯಲ್ಲಿ ಜಂಬ ಕೊಚ್ಚಿಕೊಂಡೆ. "ಹಳಿ ಐದು ಕಡೆ ಬಿಟ್ಟಿತ್ತು ಅಪ್ಪಾ, ಅಣ್ಣ ಹೇಳಿದ ಹಾಗೆ ಎಲ್ಲಾ ಬೆಸೆದುಬಿಟ್ಟೆ" ಎಂದೆ. ಅಪ್ಪನ ಕೈಯಲ್ಲಿ ತಿರುಗುತ್ತಿದ್ದ ಮುಚ್ಚಳ ನಿಂತಿತು. "ಅವನು ಹೇಳಿದ್ನಾ?" ಎಂದು ಕೇಳಿದರು. ಹೂಂ ಎಂದೆ. ನನ್ನನ್ನೇ ಬಹಳ ಹೊತ್ತು ನೋಡಿದರು, ಆಮೇಲೆ ಮುಚ್ಚಳವನ್ನು ದಿಂಬಿನ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದರು. ಸುಸ್ತಾಗಿರಬೇಕು ಎಂದುಕೊಂಡು ಬಂದೆ. ಮನೆಗೆ ಬಂದು ಮಾವನ ಪಾಠ ಕೇಳಿದ ಮೇಲೆ ಆ ನೋಟದ ಅರ್ಥ ಹೊಳೆಯಿತು. ಇವತ್ತು ಆಸ್ಪತ್ರೆಗೆ ಹೋಗುವ ಧೈರ್ಯ ಬರಲಿಲ್ಲ, ಅಮ್ಮನನ್ನು ಕಳಿಸಿದ್ದೇನೆ.

ಅಣ್ಣಾ, ಕೈ ಮುಗಿಯುತ್ತೇನೆ. ಕಾಗದದ ಮೇಲೆ ಚಿತ್ರ ಬರೆದು ಶನಿವಾರದ ಬಸ್ಸಿಗೆ ಕಂಡಕ್ಟರ ಕೈಯಲ್ಲಿ ಕಳಿಸು. ಸುತ್ತಿನ ಹಳಿಯನ್ನು ಎಲ್ಲೆಲ್ಲಿ ಕೊಯ್ದಿದ್ದಿರಿ, ಎಷ್ಟು ಕಡೆ? ಉಳಿದ ತಂತಿಗಳನ್ನು ಬಲ್ಬು ಹಿಡಿದು ಒಂದೊಂದಾಗಿ ಪತ್ತೆ ಮಾಡಿಕೊಂಡಿದ್ದೇನೆ, ಅವು ಸರಿಯಿವೆ. ಸುತ್ತಿನ ಸ್ವಿಚ್ಚಿನದೇ ತಲೆನೋವು. ಅದಕ್ಕೆ ಆರು ಕಾಲು, ಯಾವ ಕಾಲಿಗೆ ಯಾವುದು? ತಪ್ಪಾದರೆ ಎಂಜಿನ್ನು ಸುಟ್ಟೀತು ಎಂದು ಮಾವ ಹೆದರಿಸಿದ್ದಾರೆ. ಅಪ್ಪನ ಮೇಲೆ ನಿನಗೆ ಎಷ್ಟು ಸಿಟ್ಟಿದ್ದರೂ ಇರಲಿ, ಬಿಡು ಎನ್ನುವುದಿಲ್ಲ. ಇದನ್ನು ನನಗಾಗಿ ಮಾಡು. ನಾನು ನಿನ್ನ ಹತ್ತಿರ ಇದುವರೆಗೆ ಏನೂ ಕೇಳಿಲ್ಲ. ಸುಳ್ಳು, ನಿನ್ನ ಸೈಕಲ್ಲು ಕೇಳಿದ್ದೆ, ನೀನು ಕೊಡಲಿಲ್ಲ.

ಅಮ್ಮ ದಿನಾ ನಿನ್ನನ್ನು ನೆನೆಸುತ್ತಾಳೆ, ನಿನ್ನ ಅಂಗಿಗಳನ್ನು ಈಗಲೂ ತಿಂಗಳಿಗೊಮ್ಮೆ ತೆಗೆದು ಬಿಸಿಲಿಗೆ ಹಾಕುತ್ತಾಳೆ. ಅವಳ ಆಶೀರ್ವಾದ, ಮಾವನ ನೆನಪು. ಮೈ ನೋಡಿಕೋ, ಗುಂಡಿಗೆ ಇಳಿಯುವಾಗ ಹುಷಾರು.

ಇತಿ, ನಿನ್ನ ಕೈಯಲ್ಲಿ ಹಳಿಯಷ್ಟೇ ಬಡಿಸಿಕೊಂಡ ತಂಗಿ,
ಸೂಜಿ

ಮ.ವಿ.: ಗಂಟೆ ನಾಲ್ಕಕ್ಕೆ ಹತ್ತು ನಿಮಿಷ, ಕಂಡಕ್ಟರು ಬಾಗಿಲಲ್ಲಿ ನಿಂತಿದ್ದಾನೆ, ಕಾಯಿಸುತ್ತಿದ್ದೇನೆ. ಅಮ್ಮ ಈಗಷ್ಟೇ ಆಸ್ಪತ್ರೆಯಿಂದ ಬಂದಳು. ಅಪ್ಪ ಬೆಳಗ್ಗೆ ಪೆನ್ನು ಕೇಳಿ, ನರ್ಸಿನ ಕೈಯಲ್ಲಿ ಹಲಗೆ ಹಿಡಿಸಿಕೊಂಡು, ಊಟದ ಹೊತ್ತಿನವರೆಗೂ ಕೂತು ಬಲಗೈಯಲ್ಲಿ ಒಂದು ಚೀಟಿ ಬರೆದಿದ್ದಾರೆ. ಬಲಗೈಯಲ್ಲಿ! ಅಕ್ಷರ ಎದ್ದು ಬಿದ್ದು ನಡೆದಿವೆ, ಓದಲು ಬರುತ್ತದೆ. ನಿನಗೆ ಬರೆದದ್ದು. "ಮಗನಿಗೆ. ಮರೆತಿದ್ದರೆ ಇರಲಿ ಅಂತ ಬರೀತಿದೀನಿ. ಸುತ್ತಿನ ಪಾಯಿಂಟು ದಾಟಿ ನಾಲ್ಕು ಬೆರಳು, ಎರಡು ತುದೀಲೂ, ಎರಡೂ ಹಳಿ ಕೊಯ್ಯೋದು. ಐದನೇದು ನಾನು ಬೀಳಿಸಿ ಮುರಿದದ್ದು, ಅದನ್ನ ಬೆಸೆದಿದ್ದು ಸರಿ. ಸ್ವಿಚ್ಚಿನ ನಡುವಿನ ಎರಡು ಕಾಲು ಸುತ್ತಿಗೆ, ಮೂಲೆ ನಾಲ್ಕು ಅಡ್ಡಡ್ಡ. ತಂಗಿಗೆ ಗಂಟು ಹೇಳ್ಬೇಡ, ಬಣ್ಣ ಹೇಳು. ಅವಳ ಕಣ್ಣು ಚೆನ್ನಾಗಿದೆ." ಅಷ್ಟೇ ಇದೆ. ನಾನು ನಕಲು ಮಾಡಿಕೊಂಡು ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಅಣ್ಣಾ, ಆ ಹಳಿಯನ್ನು ಕೊಯ್ದವನು ನೀನು, ಬೆಸೆಯಲು ನೀನು ಹೇಳಿರುವುದಿಲ್ಲ ಎಂದು ಅಪ್ಪನಿಗೆ ನಿನ್ನೆಯೇ ಗೊತ್ತಾಗಿದೆ. ನೀನು ಒಂದು ದಿನವೂ ಫೋನ್ ಮಾಡಿಲ್ಲವೆಂದು ಗೊತ್ತಾಗಿದೆ. ಗೊತ್ತಾದ ಮೇಲೂ ನಿನಗೇ ಬರೆದಿದ್ದಾರೆ. ಚಿತ್ರ ಕಳಿಸಬೇಡ, ನಾನೇ ಕೊಯ್ದು ಕೂಡಿಸುತ್ತೇನೆ, ರೈಲು ಓಡುತ್ತದೆ. ಭಾನುವಾರ ಹನ್ನೊಂದಕ್ಕೆ ಅವರು ಮನೆಗೆ ಬರುತ್ತಾರೆ. ನೀನು ಬಾ.